ಅಪ್‌ಡೇಟ್: ಐರನ್ ಮಾತ್ರೆ ಹತ್ತಲಿಲ್ಲ, ಈಗ ಡ್ರಿಪ್ ಆಯ್ತು

ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಮಾಡಿಸಿಕೊಂಡ ಮೇಲೆ ಎಷ್ಟು ಐರನ್ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ ಅಂತ ಕೇಳಿದ್ದೆ. ಫೆರಿಟಿನ್ (ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿಟ್ಟಿದೆ ಅಂತ ತೋರಿಸೋ ರಕ್ತ ಪರೀಕ್ಷೆ) ನೋಡಿಸಿ ಅಂದವರಿಗೆ ಥ್ಯಾಂಕ್ಸ್. ಬಂದಿದ್ದು ಬರೀ 6. ಮೈಯಲ್ಲಿ ಕೂಡಿಟ್ಟ ಕಬ್ಬಿಣವೆಲ್ಲ ಖಾಲಿ.

ಮೈಸೂರಿನ ಡಾಕ್ಟರ್ ಚೀಟಿಯ ಹಿಂದೆ ಪೆನ್ನಲ್ಲಿ ಕರುಳಿನ ಚಿತ್ರ ಬರೆದು ತೋರಿಸಿದರು. ಕಬ್ಬಿಣವನ್ನು ಜಾಸ್ತಿ ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ಬೈಪಾಸ್ ಆದ ಮೇಲೆ ಊಟ ಆ ದಾರಿಗೇ ಹೋಗಲ್ಲ. ಹೊಟ್ಟೆಯ ಆಸಿಡ್ಡೂ ಕಡಿಮೆ. ಮಾತ್ರೆ ಹತ್ತೋದು ಹೇಗೆ, ಅಲ್ವಾ? ಅದಕ್ಕೇ ರಕ್ತನಾಳಕ್ಕೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನೋ ಕಬ್ಬಿಣದ ಔಷಧಿಯ ಡ್ರಿಪ್ ಕೊಟ್ಟರು. ಡಿಕಾಕ್ಷನ್ ಬಣ್ಣದ ಔಷಧಿ, ಬೇಗ ಮುಗಿಯಿತು. ಆಮೇಲೂ ಅರ್ಧ ಗಂಟೆ ಕೂರಿಸಿ, ಬಿಪಿ ನೋಡಿಯೇ ಕಳಿಸಿದರು.

ಹಿಮೋಗ್ಲೋಬಿನ್ 8.2 ಇದ್ದದ್ದು 10.9 ಆಗಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಇನ್ನೂ ದೂರದ ಮಾತು, ಮನೆ ಮೆಟ್ಟಿಲಿಗೆ ಏದುಸಿರು ಬರುತ್ತಿಲ್ಲ.

ಕ್ಯಾಲ್ಸಿಯಂ ಮಾತ್ರೆಗೂ ಐರನ್ ಮಾತ್ರೆಗೂ ಎರಡು ಗಂಟೆ ಅಂತರ ಇರಬೇಕಂತೆ. ಊಟದ ಜೊತೆ ಕಾಫಿ ಬೇಡವಂತೆ, ಇದೇ ಕಷ್ಟ. ಅಮ್ಮನ ಮುದ್ದೆ, ನುಗ್ಗೆಸೊಪ್ಪಿನ ಸಾರು ನಡೆದೇ ಇದೆ, ಆದರೆ ಸುಮ್ನೆ ಅದನ್ನೇ ನಂಬಿ ಕೂರೋಕಾಗಲ್ಲ. ಬಿ12 ಕೂಡ ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಗಿದೆ. ಮೂರು ತಿಂಗಳಿಗೆ ಮತ್ತೆ ಫೆರಿಟಿನ್ ಟೆಸ್ಟ್.