ರಿಪೋರ್ಟಿನಲ್ಲಿ ಬರುವ ಎಲ್‌ಡಿಎಲ್, ಎಚ್‌ಡಿಎಲ್ ಒಳಗೆ ಏನಿರುತ್ತದೆ?

ತುಮಕೂರು_ಬಿಎಚ್_ರೋಡ್

ಅಪ್ಪನಿಗೆ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿರುವ ಕೊಬ್ಬಿನ ಟೆಸ್ಟ್, ಮಾಡಿಸಿದೆವು. ಟೋಟಲ್ ಕೊಲೆಸ್ಟ್ರಾಲ್ 228, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ (ಊಟದಲ್ಲಿ, ದೇಹದಲ್ಲಿ ಇರುವ ಮಾಮೂಲಿ ಕೊಬ್ಬು) 210, ವಿಎಲ್‌ಡಿಎಲ್ 42, ಎಲ್‌ಡಿಎಲ್ 148. ಡಾಕ್ಟರ್ ನೋಡಿ ಮಾತ್ರೆ ಬರೆದುಕೊಟ್ಟಿದ್ದಾರೆ, ಅಪ್ಪ ತಗೊಳ್ತಾ ಇದ್ದಾರೆ, ಅದರ ಬಗ್ಗೆ ಕೇಳುತ್ತಿಲ್ಲ. ನನ್ನ ಡೌಟೇ ಬೇರೆ. ಎಚ್‌ಡಿಎಲ್ ಒಳ್ಳೆ ಕೊಲೆಸ್ಟ್ರಾಲ್, ಎಲ್‌ಡಿಎಲ್ ಕೆಟ್ಟ ಕೊಲೆಸ್ಟ್ರಾಲ್ ಅಂತ ಎಲ್ಲರೂ ಹೇಳುತ್ತಾರಲ್ಲ, ಇವು ನಿಜವಾಗಲೂ ಎರಡು ಬೇರೆ ಬೇರೆ ಪದಾರ್ಥಗಳಾ? ಒಂದು ಕಡೆ ಪ್ರೋಟೀನ್ ಅಂತ ಓದಿದೆ, ಇನ್ನೊಂದು ಕಡೆ ಕೊಬ್ಬು ಅಂತ. ಜೊತೆಗೆ, 210ನ್ನು 5ರಿಂದ ಭಾಗಿಸಿದರೆ ಸರಿಯಾಗಿ 42 ಬರುತ್ತದೆ. ಅಮ್ಮನ ಹಳೇ ರಿಪೋರ್ಟ್ ತೆಗೆದು ನೋಡಿದರೆ ಅದರಲ್ಲೂ ಹಾಗೇ ಇದೆ. ಸುಮ್ನೆ ಹಾಗೆ ಬಂದಿರಲಿಕ್ಕಿಲ್ಲ ಅಲ್ವಾ?

ಕೋಲಾರ_ಬಯೋಕೆಮಿಸ್ಟ್ರಿ

ಕೊಲೆಸ್ಟ್ರಾಲ್ ಒಂದೇ. ಎಲ್‌ಡಿಎಲ್ ಒಳಗಿರುವುದೂ ಎಚ್‌ಡಿಎಲ್ ಒಳಗಿರುವುದೂ ಅದೇ ಅಣು. ಬೇರೆ ಇರುವುದು ಅದನ್ನು ಹೊತ್ತು ತಿರುಗುವ ಕಣ. ಸಾರಿಗೆ ಹಾಕಿದ ಒಗ್ಗರಣೆ ಎಣ್ಣೆ ಮೇಲೆ ತೇಲುತ್ತದಲ್ಲ, ಹಾಗೇ ಕೊಬ್ಬು ರಕ್ತದಲ್ಲೂ ಕರಗುವುದಿಲ್ಲ. ಅದಕ್ಕೇ ಲಿವರ್ ಮತ್ತು ಕರುಳು ಅದನ್ನು ಪ್ರೋಟೀನ್ ಜೊತೆ ಸೇರಿಸಿ ಲಿಪೊಪ್ರೋಟೀನ್ ಕಣವಾಗಿ ಕಳಿಸುತ್ತವೆ. ಹೆಸರಿನ ಕೊನೆಯ ಎಲ್ ಅಂದರೆ ಇದೇ ಲಿಪೊಪ್ರೋಟೀನ್; ಎಚ್‌ಡಿ ಅಂದರೆ ಹೈ ಡೆನ್ಸಿಟಿ (ಹೆಚ್ಚು ಸಾಂದ್ರತೆ), ಎಲ್‌ಡಿ ಲೋ ಡೆನ್ಸಿಟಿ, ವಿಎಲ್‌ಡಿ ವೆರಿ ಲೋ ಡೆನ್ಸಿಟಿ. ನೀವು ಓದಿದ ಎರಡೂ ಸರಿ.

ಎಲ್‌ಡಿಎಲ್ ಕಣವನ್ನೇ ತಗೊಳ್ಳಿ. ಅಡ್ಡಳತೆ ಸುಮಾರು 22 ನ್ಯಾನೋಮೀಟರ್. ಹೊರಗೆ ಫಾಸ್ಫೊಲಿಪಿಡ್ ಅನ್ನುವ ಒಂದು ಬಗೆಯ ಕೊಬ್ಬಿನ ಒಂದೇ ಒಂದು ಪದರ, ಅದರ ನೀರಿಗೆ ಹೊಂದುವ ತಲೆ ಹೊರಕ್ಕೆ, ಕೊಬ್ಬಿನ ಬಾಲ ಒಳಕ್ಕೆ. ಆ ಪದರದ ನಡುನಡುವೆ ಬಿಡಿ ಕೊಲೆಸ್ಟ್ರಾಲ್ ಸಿಕ್ಕಿಕೊಂಡಿರುತ್ತದೆ. ಒಳಗಡೆ ತುಂಬಿರುವುದು ಕೊಲೆಸ್ಟ್ರಾಲ್ ಎಸ್ಟರ್, ಅಂದರೆ ಕೊಬ್ಬಿನಾಮ್ಲ ಅಂಟಿಕೊಂಡಿರುವ ಕೊಲೆಸ್ಟ್ರಾಲ್, ಒಂದು ಕಣದಲ್ಲಿ ಸುಮಾರು 1500 ಅಣು, ಜೊತೆಗೆ ಸ್ವಲ್ಪ ಟ್ರೈಗ್ಲಿಸರೈಡ್. ಇದನ್ನೆಲ್ಲ ಬಳಸಿಕೊಂಡು ಹಿಡಿದಿರುವುದು ಅಪೊಬಿ-100 ಅನ್ನುವ ಒಂದೇ ಪ್ರೋಟೀನ್. ಅದರಲ್ಲಿ 4536 ಅಮೈನೋ ಆಮ್ಲಗಳಿವೆ, ಮನುಷ್ಯನ ದೇಹದ ಬಹಳ ದೊಡ್ಡ ಪ್ರೋಟೀನ್‌ಗಳಲ್ಲಿ ಇದೂ ಒಂದು. ಜೀವಕೋಶದ ಮೇಲಿನ ರಿಸೆಪ್ಟರ್ ಗುರುತು ಹಿಡಿದು ಕಣವನ್ನು ಒಳಗೆ ಎಳೆದುಕೊಳ್ಳುವುದು ಈ ಪ್ರೋಟೀನ್ ನೋಡಿಯೇ. ಆ ರಿಸೆಪ್ಟರ್ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು.

ಲಿವರ್‌ನಿಂದ ಹೊರಡುವಾಗ ಇದು ವಿಎಲ್‌ಡಿಎಲ್, ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರೈಗ್ಲಿಸರೈಡ್. ಸ್ನಾಯು, ಕೊಬ್ಬಿನ ಜಾಗಗಳಲ್ಲಿ ಒಂದು ಎಂಜೈಮ್ ಅದನ್ನು ಒಡೆದು ಇಳಿಸಿಕೊಳ್ಳುತ್ತಾ ಹೋದಂತೆ ಕಣ ಕುಗ್ಗುತ್ತದೆ. ಕೊನೆಗೆ ಕೊಲೆಸ್ಟ್ರಾಲೇ ಜಾಸ್ತಿ ಉಳಿದ ಎಲ್‌ಡಿಎಲ್ ಆಗುತ್ತದೆ. ಅಪೊಬಿ ಮಾತ್ರ ಮೊದಲಿಂದ ಕೊನೆವರೆಗೂ ಅದೇ. ಎಚ್‌ಡಿಎಲ್ ಬೇರೆ ಕುಲ. 8ರಿಂದ 12 ನ್ಯಾನೋಮೀಟರ್ ಅಷ್ಟೇ, ತೂಕದ ಹತ್ತಿರ ಹತ್ತಿರ ಅರ್ಧ ಪ್ರೋಟೀನ್, ಮುಖ್ಯವಾಗಿ ಅಪೊಎ-1. ಕೊಬ್ಬಿಗಿಂತ ಪ್ರೋಟೀನ್ ಸಾಂದ್ರ, ಹಾಗಾಗಿ ಇದರ ಸಾಂದ್ರತೆ ಎಲ್ಲಕ್ಕಿಂತ ಜಾಸ್ತಿ.

ಲ್ಯಾಬ್_ಚಿಕ್ಕಬಳ್ಳಾಪುರ

5ರ ಲೆಕ್ಕಕ್ಕೆ ನಾನು ಹೇಳುತ್ತೇನೆ, ದಿನಾ ಅದೇ ಕೆಲಸ. ಎಷ್ಟೋ ಲ್ಯಾಬ್‌ಗಳಲ್ಲಿ ವಿಎಲ್‌ಡಿಎಲ್ ಅಳೆಯುವುದೇ ಇಲ್ಲ. ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಅಂತ ಹಿಡಿದು, ಟೋಟಲ್‌ನಿಂದ ಅದನ್ನೂ ಎಚ್‌ಡಿಎಲ್‌ನ್ನೂ ಕಳೆದರೆ ಎಲ್‌ಡಿಎಲ್. ನಿಮ್ಮ ತಂದೆಯವರದ್ದು 228ರಲ್ಲಿ 38, 42 ಕಳೆದು 148. ಇದು 1972ರ ಫ್ರೀಡ್‌ವಾಲ್ಡ್ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಇದನ್ನು ನಂಬಬಾರದು, ಆಗ ಎಲ್‌ಡಿಎಲ್ ನೇರವಾಗಿ ಅಳೆಯಬೇಕು.

ಕಣ್ಣಾರೆ ನೋಡಬಹುದಾದದ್ದು ಒಂದಿದೆ. ಮದುವೆ ಊಟ ಮುಗಿಸಿ ಸೀದಾ ರಕ್ತ ಕೊಡಲು ಬಂದವರ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಕೆಲವೊಮ್ಮೆ ಬೆಳ್ಳಗೆ ಮಬ್ಬಾಗಿರುತ್ತದೆ. ಟ್ಯೂಬನ್ನು ರಾತ್ರಿಯಿಡೀ ಫ್ರಿಡ್ಜ್‌ನಲ್ಲಿ ಅಲ್ಲಾಡಿಸದೆ ಇಟ್ಟರೆ ಬೆಳಗ್ಗೆ ಮೇಲೆ ಕೆನೆ ಕಟ್ಟಿರುತ್ತದೆ. ಅದು ಕೈಲೊಮೈಕ್ರಾನ್, ಊಟದ ಕೊಬ್ಬನ್ನು ಹೊತ್ತು ಕರುಳಿನಿಂದ ಬರುವ ಕಣ. ಅದರ ತೂಕದ ಸುಮಾರು 85ರಿಂದ 90 ಭಾಗ ಟ್ರೈಗ್ಲಿಸರೈಡೇ, ಪ್ರೋಟೀನ್ ನೂರಕ್ಕೆ ಒಂದೆರಡು ಭಾಗ. ಅದಕ್ಕೇ ತೇಲುತ್ತದೆ.

ತುಮಕೂರು_ಬಿಎಚ್_ರೋಡ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಈ 148 ಅನ್ನೋದು ಕಣಗಳ ಸಂಖ್ಯೆ ಅಲ್ಲ, ಅವು ಹೊತ್ತಿರುವ ಕೊಲೆಸ್ಟ್ರಾಲ್ ಅಷ್ಟೇನಾ?

ಕೋಲಾರ_ಬಯೋಕೆಮಿಸ್ಟ್ರಿ

ಹೌದು, ಜನ ತಿಳ್ಕೊಳ್ಳಲೇಬೇಕಾದ್ದು ಇದೇ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಎಷ್ಟೋ ಸಲ ಎಲ್‌ಡಿಎಲ್ ಕಣಗಳು ಸಣ್ಣದಾಗಿ, ಒಂದೊಂದರಲ್ಲಿ ಕೊಲೆಸ್ಟ್ರಾಲ್ ಕಡಿಮೆ ಇರುತ್ತದೆ. ಆಗ ಎಲ್‌ಡಿಎಲ್ ನಂಬರ್ ಪರವಾಗಿಲ್ಲ ಅಂತ ಕಂಡರೂ ಕಣಗಳು ಜಾಸ್ತಿ ಇರಬಹುದು. ವಿಎಲ್‌ಡಿಎಲ್ ಆಗಲಿ ಎಲ್‌ಡಿಎಲ್ ಆಗಲಿ, ಒಂದು ಕಣಕ್ಕೆ ಒಂದೇ ಅಪೊಬಿ. ಹಾಗಾಗಿ ಅಪೊಬಿ ಟೆಸ್ಟ್ ಮಾಡಿಸಿದರೆ ಕಣಗಳನ್ನೇ ಎಣಿಸಿದ ಹಾಗೆ. ಖರ್ಚು ಬೇಡ ಅಂದರೆ ಟೋಟಲ್‌ನಿಂದ ಎಚ್‌ಡಿಎಲ್ ಕಳೆದು ನೋಡಿ, ನಿಮ್ಮ ತಂದೆಯವರದ್ದು 190. ಇದಕ್ಕೆ ನಾನ್-ಎಚ್‌ಡಿಎಲ್ ಅಂತಾರೆ, ಮುಂದಿನ ಸಲ ಡಾಕ್ಟರ್ ಹತ್ತಿರ ಇದನ್ನೂ ಕೇಳಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರಿದ್ದರೆ ಲಿಪೊಪ್ರೋಟೀನ್-ಎ ಟೆಸ್ಟ್ ಬಗ್ಗೆಯೂ ವಿಚಾರಿಸಿ. ಅದು ಎಲ್‌ಡಿಎಲ್ ಥರದ್ದೇ ಕಣ, ಅಪೊಬಿಗೆ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತದೆ. ಅದರ ಮಟ್ಟ ಬಹುಪಾಲು ಹುಟ್ಟಿನಿಂದಲೇ ಬಂದಿರುತ್ತದೆ, ಊಟ ಬದಲಿಸಿದರೆ ಹೆಚ್ಚೇನೂ ಇಳಿಯುವುದಿಲ್ಲ. ಮಾಮೂಲಿ ಲಿಪಿಡ್ ಪ್ರೊಫೈಲ್‌ನಲ್ಲಿ ಅದು ಬರುವುದಿಲ್ಲ, ಬೇರೆಯಾಗಿ ಬರೆಸಬೇಕು.