ಮಸ್ಕಾ: ಹಚ್ಚೋದೋ, ಹೊಡೆಯೋದೋ?

ಗೆಳೆಯರೇ,

ಹೋದ ತಿಂಗಳು ಮುಂಬೈಯಲ್ಲಿದ್ದೆ. ಒಂದು ಬೆಳಗ್ಗೆ ತಿಂಡಿಗೆ ಧೋಬಿ ತಲಾವ್‌ನ ಕಯಾನಿಗೆ ಹೋದೆ. 1904ರಲ್ಲಿ ಶುರುವಾದ ಇರಾನಿ ಹೋಟೆಲ್ಲು. ಮೇಜಿಗೆ ಕೆಂಪು ಚೌಕುಳಿ ಬಟ್ಟೆ, ಅದರ ಮೇಲೊಂದು ಗಾಜು, ಬಾಗಿಸಿದ ಮರದ ಹಳೇ ಕುರ್ಚಿಗಳು. ಅಲಂಕಾರ ಅಂದ್ರೆ ಅಷ್ಟೇ. ಪಕ್ಕದ ಮೇಜಿನ ಹಿರಿಯರೊಬ್ಬರು ಮಾಣಿಯನ್ನು ಕರೆದು ‘ಏಕ್ ಬ್ರುನ್, ಮಸ್ಕಾ ಮಾರ್ ಕೆ’ ಅಂದರು. ಅಂದರೆ ಒಂದು ಬ್ರುನ್, ಮಸ್ಕಾ ಹೊಡೆದು. ನನಗೆ ನಗು ಬಂತು.

ಯಾಕಂದ್ರೆ ಮೈಸೂರಲ್ಲಿ ಬೆಳೆದ ನನಗೆ ಮಸ್ಕಾ ಅಂದರೆ ಹೊಗಳಿ ಕೆಲಸ ಮಾಡಿಸಿಕೊಳ್ಳೋದು, ಅಷ್ಟೇ. ‘ಮೇಷ್ಟ್ರಿಗೆ ಮಸ್ಕಾ ಹೊಡೀತಾನೆ’ ಅಂತಿದ್ವಿ. ಅದು ತಿನ್ನುವ ಪದಾರ್ಥ ಅಂತ ಕಾಲೇಜು ಮುಗಿಯೋವರೆಗೂ ಗೊತ್ತಿರಲಿಲ್ಲ.

ನಾನೂ ಆ ಹಿರಿಯರ ಹಾಗೇ ಬ್ರುನ್ ಮಸ್ಕಾ ತರೋಕೆ ಹೇಳಿದೆ. ಬ್ರುನ್ ಅಂದರೆ ಹೊರಗೆ ಗಟ್ಟಿ, ಒಳಗೆ ಮೆತ್ತಗಿರುವ ಪಾವು. ಕಡಕ್ ಪಾವ್ ಅಂತಲೂ ಹೇಳ್ತಾರೆ. ಕಚ್ಚಿದರೆ ಅಂಗಿ ಮೇಲೆಲ್ಲ ಪುಡಿ. ನಡುವೆ ಬೆಣ್ಣೆ ಇಷ್ಟು ದಪ್ಪ. ಚಹಾದಲ್ಲಿ ಅದ್ದಿದರೆ ಸಣ್ಣ ಸಣ್ಣ ಹಳದಿ ಬೊಟ್ಟುಗಳು ಮೇಲೆ ತೇಲುತ್ತವೆ. ಚಹಾ ‘ಪಾನಿ ಕಮ್’, ಅಂದರೆ ನೀರು ಕಮ್ಮಿ, ಹಾಲು ಜಾಸ್ತಿ. (ನಮ್ಮ ‘ಕಮ್ಮಿ’ಯೂ ಫಾರಸಿಯ ಆ ‘ಕಮ್’ನ ಮನೆಯದೇ. ಕನ್ನಡದ್ದೇ ಅನ್ನುವಷ್ಟು ಹಳಬ ಆಗಿಬಿಟ್ಟಿದೆ, ಅಲ್ವಾ?)

ಮಸ್ಕಾ ಕೂಡ ಫಾರಸಿ ಮಾತು. ಅಲ್ಲಿ ‘ಮಸ್ಕೆ’ ಅಂದರೆ ಹೊಸ ಬೆಣ್ಣೆ. ತಮಾಷೆ ಏನಂದ್ರೆ ಇವತ್ತು ಇರಾನಿನಲ್ಲಿ ಬೆಣ್ಣೆ ಕೇಳೋಕೆ ‘ಕರೆ’ ಅನ್ನಬೇಕು. ಮಸ್ಕಾ ಇವತ್ತಿಗೂ ಉಳಿದಿದೆ: ಅಫ್ಘಾನಿಸ್ತಾನದ ಫಾರಸಿಯಾದ ದರಿಯಲ್ಲಿ, ಆಮೇಲೆ ಇರಾನಿನ ಯಜ್ದ್, ಕೆರ್ಮಾನ್ ಕಡೆಯಿಂದ ಬಂದ ಜರತುಷ್ಟ್ರ ಧರ್ಮದವರ ಈ ಮುಂಬೈ ಹೋಟೆಲುಗಳಲ್ಲಿ.

ನನ್ನ ತಲೆ ಕೊರೆಯುತ್ತಿರೋದು ಕ್ರಿಯಾಪದ. ಬೆಣ್ಣೆ ಹಚ್ಚುತ್ತೇವೆ, ಸವರುತ್ತೇವೆ. ಹೊಗಳುವಾಗಲೂ ‘ಬೆಣ್ಣೆ ಹಚ್ಚಿ ಮಾತಾಡ್ತಾನೆ’ ಅಂತೀವಿ. ಮಸ್ಕಾ ಮಾತ್ರ ಹೊಡೆಯೋದು ಯಾಕೆ? ಮೊದಲು ನಮ್ಮ ‘ಹೊಡೆ’ಯ ಚಾಳಿ ಇರಬೇಕು ಅಂದುಕೊಂಡಿದ್ದೆ. ಕಾಫಿ ಹೊಡೀತೀವಿ, ನಿದ್ದೆ ಹೊಡೀತೀವಿ, ಬೆಣ್ಣೆಯನ್ನು ಬಿಡ್ತೀವಾ! ಆದರೆ ಆ ಹಿರಿಯರ ‘ಮಾರ್ ಕೆ’ ಕೇಳಿದ ಮೇಲೆ, ಹಿಂದಿಯ ‘ಮಾರ್‌ನಾ’ ಹಾಗೇ ಕನ್ನಡಕ್ಕೆ ಇಳಿದಿದೆ ಅನ್ನಿಸುತ್ತಿದೆ. ಅಲ್ಲಿ ನಿಜವಾದ ಬೆಣ್ಣೆಗೂ ಅದೇ ಕ್ರಿಯಾಪದ. ನಾವು ಬೆಣ್ಣೆಯನ್ನು ಅಲ್ಲೇ ಬಿಟ್ಟು ಹೊಡೆತವನ್ನು ಮಾತ್ರ ತಂದೆವು. ದಾವಣಗೆರೆಯ ದೋಸೆಯನ್ನು ಯಾರೂ ಮಸ್ಕಾ ದೋಸೆ ಅನ್ನೋದಿಲ್ಲವಲ್ಲ.

ಇದರ ಜೊತೆಗೆ ‘ಪೂಸಿ ಹೊಡೆಯೋದು’ ಇದೆ. ಹಳಗನ್ನಡದ ‘ಪೂಸು’ ಅಂದರೆ ಬಳಿ, ಲೇಪಿಸು. ಹೊಗಳಿಕೆಯ ಪೂಸಿ ಅಲ್ಲಿಂದಲೇ ಬಂದಿದ್ದರೆ, ನಾವು ಮೊದಲು ಬಳಿದು ಆಮೇಲೆ ಹೊಡೆಯುವ ಜನ! ನನಗಂತೂ ಈ ಊಹೆ ಇಷ್ಟ. ತಪ್ಪಿದ್ದರೆ ತಿದ್ದಿ.

ಬೆಳಗಾವಿ, ಕಲಬುರಗಿ, ಬೀದರ್ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆ ಮಾತಿನಲ್ಲಿ ಮಸ್ಕಾ ಅಂದರೆ ತಿನ್ನುವ ಬೆಣ್ಣೆಯೂ ಹೌದಾ? ಹೌದಾದರೆ ಅದನ್ನು ರೊಟ್ಟಿಗೆ ಹಚ್ಚುತ್ತೀರೋ, ಹೊಡೆಯುತ್ತೀರೋ?