ಅಪ್‌ಡೇಟ್: ಯೆಲ್ಲೋಸ್ಟೋನ್‌ನಿಂದ ಮರಳುವಾಗ ಆರ್‌ವಿ ಬ್ರೇಕ್‌ನ ಸುಟ್ಟ ವಾಸನೆ

ಇಳಿಜಾರಿನಲ್ಲಿ 31 ಅಡಿಯ ಬಾಡಿಗೆ ಆರ್‌ವಿಯ (ಒಳಗೇ ಮಲಗುವ, ಅಡುಗೆ ಮಾಡುವ ಜಾಗವಿರುವ ಗಾಡಿ) ಬ್ರೇಕ್ ವಾಸನೆ ಬರುತ್ತಿದೆ, ಕ್ಯಾಲಿಫೋರ್ನಿಯಾದ ಡಾನರ್ ಘಾಟಿ ಹೇಗೆ ಇಳಿಯಲಿ ಎಂದು ಕೇಳಿದ್ದೆ. ಇಳಿದಾಯಿತು. ಉತ್ತರಿಸಿದವರಿಗೆಲ್ಲ ಧನ್ಯವಾದ.

ತಪ್ಪು ಬ್ರೇಕಿನದಲ್ಲ, ಕಾಲಿನದು. ಪೆಡಲನ್ನು ಸದಾ ಹಗುರವಾಗಿ ಒತ್ತಿಕೊಂಡೇ ಇದ್ದರೆ ಬ್ರೇಕ್ ಡಿಸ್ಕ್ ಆರಲು ಬಿಡುವೇ ಸಿಗದು. ಸುಮಾರು 7,200 ಅಡಿ ಎತ್ತರದ ನೆತ್ತಿಯಲ್ಲೇ ಟೋ/ಹಾಲ್ ಬಟನ್ (ಭಾರದ ಗಾಡಿಗೆ ತಕ್ಕಂತೆ ಗೇರ್ ಬದಲಾಗುವಂತೆ ಮಾಡುವ ಗುಂಡಿ) ಒತ್ತಿ, ವೇಗವನ್ನು ಗಂಟೆಗೆ 45 ಮೈಲಿಗೆ ಇಳಿಸಿ ಹೊರಟರೆ ಗೇರ್ ತಾನೇ ಕೆಳಗಿಳಿದು ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. ಎಂಜಿನ್ ನಿಮಿಷಕ್ಕೆ 4,000 ಸುತ್ತು (ಆರ್‌ಪಿಎಂ) ತಿರುಗಿ ಅರಚಿದರೆ ಹೆದರಬೇಡಿ, ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಸಾಕು. ವೇಗ 50 ದಾಟಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ 40ಕ್ಕೆ ತಂದು, ಕಾಲು ಪೂರ್ತಿ ತೆಗೆಯಿರಿ.

ಆದರೂ ವಾಸನೆ ಬಂದರೆ ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಚಕ್ರ ಉರುಳದಂತೆ ಅಡ್ಡಲಾಗಿ ತುಂಡೊಂದನ್ನು ಇಡಿ. ಕಾದ ಡಿಸ್ಕ್‌ಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಪೆಡಲ್ ಮೆತ್ತಗಾಗಿ ಒಳಗಿಳಿದರೆ ಮಾತ್ರ ಮುಂದೆ ಹೋಗಬೇಡಿ: ತೇವ ಹೀರಿದ ಹಳೆಯ ಬ್ರೇಕ್ ಆಯಿಲ್ ಕುದಿದಿರುತ್ತದೆ.

ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದರ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಿ. ಅದು ಇಳಿದರೆ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದು ಅದೂ ಕಾದು ಒಡೆಯುತ್ತದೆ.

ಆರ್‌ವಿಯ ಕೊಳೆ ನೀರು ಚೆಲ್ಲುವಾಗ ಕಕ್ಕಸಿನ ಟ್ಯಾಂಕ್ ಮೊದಲು, ಬಚ್ಚಲಿನದು ನಂತರ ಖಾಲಿ ಮಾಡಿದರೆ ಸೋಪು ನೀರೇ ಪೈಪ್ ತೊಳೆಯುತ್ತದೆ. ಇನ್ನು, ಘಾಟಿಗೆ ಮೊದಲು ಸಿಗುವ ಟ್ರಕೀ ಊರಿನ ಬಳಿ ಕ್ಯಾಲಿಫೋರ್ನಿಯಾದ ಕೃಷಿ ತಪಾಸಣೆ (ಹೊರಗಿನಿಂದ ತರುವ ಹಣ್ಣು, ಗಿಡಗಳ ತಪಾಸಣೆ) ಇರುತ್ತದೆ. ಉಳಿದ ಕಿತ್ತಳೆಯನ್ನು ಮಕ್ಕಳಿಗೆ ಅದಕ್ಕೂ ಮೊದಲಿನ ನೆವಾಡಾದ ರೀನೋ ನಗರದಲ್ಲೇ ತಿನ್ನಿಸಿಬಿಡಿ.